ಗಾದಿಲಿಂಗಪ್ಪನ ಮನೆಗೆ ಬಿದ್ದ ಬೀಗ

ಶುಕ್ರವಾರದ ಮದುವೆ ತಡೆಯಲು ನಾವು ಗುರುವಾರವೇ ಹೋದೆವು. ಗಾದಿಲಿಂಗಪ್ಪನ ಮನೆಗೆ ಬೀಗ ಬಿದ್ದಿತ್ತು. ಅಂಗಳದಲ್ಲಿ ಅರ್ಧ ಕಿತ್ತ ಹಂದರ. ಒಂಬತ್ತನೇ ತರಗತಿ ಓದುತ್ತಿದ್ದ ಅವನ ಮಗಳು ಅನುಷಾಳೂ ಇರಲಿಲ್ಲ.

ಇದು ೨೦೧೪ರ ಮಾತು. ನಾನು ಯಮನೂರ, ಕಸ್ತೂರೆಮ್ಮನವರ ಜೀಪಿನ ಚಾಲಕ. ಶಾಲೆ, ಪೊಲೀಸ್, ಪಂಚಾಯಿತಿ, ಅಂಗನವಾಡಿ ಎಲ್ಲವನ್ನೂ ಸೇರಿಸಿ ಯಲಬುರ್ಗಾ ಸೀಮೆಯಲ್ಲಿ ಮಕ್ಕಳ ಕಾವಲು ತಂಡ ಕಟ್ಟಿದವರು ಅವರು. ಈ ಮದುವೆಯ ಸುಳಿವು ಕೊಟ್ಟದ್ದು ಅಂಗನವಾಡಿಯ ಪಕೀರಮ್ಮ. ಗುಟ್ಟು ಬಿಟ್ಟುಕೊಟ್ಟವರು ಮಾತ್ರ ನಮ್ಮೊಳಗಿನವರೇ ಯಾರೋ.

ನನ್ನ ಗುಮಾನಿ ಪೇದೆ ಜಿಲಾನಸಾಬನ ಮೇಲೆ. ದಿನಾ ಚಹಾ ಕುಡಿಯುವುದು ಗಾದಿಲಿಂಗಪ್ಪನ ತಮ್ಮನ ಹೋಟೆಲಿನಲ್ಲಿ! ಎಲ್ಲರೆದುರೇ ಬಾಯಿಗೆ ಬಂದಂತೆ ಬೈದುಬಿಟ್ಟೆ.

ಪಕ್ಕದ ಮನೆಯ ಮುದುಕಿ ಉಡಚಮ್ಮ ಹೇಳಿದಳು: "ಮಂಗಳವಾರ ಮಧ್ಯಾಹ್ನ ಗಾದಿಲಿಂಗ ಹೆಬ್ಬಟ್ಟು ತಿಕ್ಕೋತ ಬಂದ್ನರಿ. ನಳಕ್ಕ ಹಿಡಿದು ಎಷ್ಟ ತೊಳದ್ರೂ ನೀಲಿ ಹೋಗಲಿಲ್ಲ. ಸಂಜಿಗೆ ಗಾಡಿ ತರಿಸಿ ಎಲ್ಲಾರ್ನೂ ಹತ್ತಿಸ್ಕೊಂಡು ಹೋದ."

ಕಸ್ತೂರೆಮ್ಮನವರು ಪತ್ರ ಮುಟ್ಟಿದ ದಿನ ಬರೆದಿಡುವ ಟಪಾಲು ಪುಸ್ತಕ ತರಿಸಿ ತಾರೀಖುಗಳ ಮೇಲೆ ಬೆರಳಾಡಿಸಿದರು. ಮರುದಿನ ಎಲ್ಲರನ್ನೂ ಯಲಬುರ್ಗಾಕ್ಕೆ ಕರೆಸಿದರು.

"ಪಕೀರಮ್ಮಗ ವಾರದ ಹಿಂದನ ಗೊತ್ತಿತ್ತು. ಗಾದಿಲಿಂಗಪ್ಪಗ ಹೇಳೂದಿದ್ರ ಅವತ್ತ ಹೇಳ್ತಿದ್ಲು. ನನ್ನ ಪತ್ರ ಠಾಣೆಗೆ, ಪಂಚಾಯಿತಿಗೆ ಮುಟ್ಟಿದ್ದು ಬುಧವಾರ. ಗಾದಿಲಿಂಗಪ್ಪ ಊರು ಬಿಟ್ಟಿದ್ದು ಮಂಗಳವಾರ. ಅವತ್ತಿಗೆ ಪತ್ರ ಮುಟ್ಟಿದ್ದು ಸಾಲಿಗೆ ಒಂದ. ಹುಡುಗಿ ವಯಸ್ಸು ಖಾತ್ರಿ ಆಗಬೇಕಲ್ಲ, ಅದಕ್ಕ ಮೊದಲ ಅಲ್ಲಿಗೆ ಕಳಿಸ್ತೀನಿ. ಮಾಸ್ತರ, ದಾಖಲಾತಿ ಪುಸ್ತಕ ತಗೀರಿ."

ಅನುಷಾಳ ಶಾಲೆಯ ಮುಖ್ಯಗುರು ಕುಬೇರಪ್ಪ ಜೊತೆಗೆ ತಂದಿದ್ದ ಪುಸ್ತಕ ತೆರೆದರು. ಅನುಷಾಳ ಹೆಸರಿನ ಪಕ್ಕ ನೀಲಿ ಹೆಬ್ಬೆಟ್ಟು.

"ನಿಮ್ಮ ಪತ್ರದ ಜೋಡಿ ಬಂದ ನಮೂನಿಯೊಳಗ ದಾಖಲಾತಿ ಪುಸ್ತಕಕ್ಕ ಪಾಲಕರ ಸಹಿ ಪಡೀಬೇಕು ಅಂತ ಐತ್ರಿ. ಮಂಗಳವಾರ ಗಾದಿಲಿಂಗಪ್ಪನ್ನ ಕರಿಸಿ ಹೆಬ್ಬಟ್ಟು ಒತ್ತಿಸ್ಕೊಂಡೆ. ಯಾಕ್ರಿ ಅಂದ. ಕಾವಲು ತಂಡದವರು ಕೇಳ್ಯಾರ ಅಂದೆ. ನಂದೇನ್ರಿ ತಪ್ಪು?"

"ನಿಮ್ಮದಲ್ಲ," ಎಂದರು ಕಸ್ತೂರೆಮ್ಮ. "ಸಾಲಿ ಪ್ರವೇಶದ ಹಳೇ ಅರ್ಜಿ ನೋಡಿ ಆ ನಮೂನಿ ಮಾಡಿದಾಕಿ ನಾನ. ಈ ವರ್ಷ ಇಂಥಾ ನಾಕು ಮದುವಿ ಕೈ ತಪ್ಪ್ಯಾವು. ನಾಕೂ ಮನಿಗೆ ಸುದ್ದಿ ಮುಟ್ಟಿಸಿದ್ದು ನನ್ನ ಕಾಗದ."

ನಾನು ಜಿಲಾನಸಾಬನ ಕೈ ಹಿಡಿದು ಕ್ಷಮೆ ಕೇಳಿದೆ. "ಹೋಗ್ಲಿ ಬಿಡಪಾ," ಎಂದ ಅವನು. ನನಗೆ ನಾಚಿಕೆಯಾಯಿತು.

ಸಂಜೆಗೆ ಸುದ್ದಿ ಬಂತು. ಬುಧವಾರವೇ ತಾಳಿ ಕಟ್ಟಿಸಿದ್ದರು. ಹುಡುಗಿ ನವಲಿಯ ಹತ್ತಿರ ನೆಂಟರ ಮನೆಯಲ್ಲಿದ್ದಳು. ಗಂಗಾವತಿ ದಾಟಿ ಜೀಪು ಓಡಿಸಿದೆ. ಅನುಷಾ ಅಳಲಿಲ್ಲ. ಕಸ್ತೂರೆಮ್ಮನವರನ್ನು ನೋಡಿ ಇಷ್ಟೇ ಹೇಳಿದಳು:

"ನೀವು ಬಂದ ಬರ್ತೀರಿ ಅಂತ ಪಕೀರಮ್ಮ ಟೀಚರ್ ಹೇಳಿದ್ರು. ಅದಕ್ಕ ಸುಮ್ನ ಕುಂತಿದ್ನಿ. ಇಲ್ಲಂದ್ರ ಸೋಮವಾರನ ಓಡಿಹೋಗ್ತಿದ್ನಿ."