ಹಿಪ್ಪುನೇರಳೆ ಕಷಾಯ

"ಇನ್ನೊಂದು ಗುಟುಕು ಕುಡೀರಿ ತಾತ!"

ಗುಬ್ಬಿ ಸಕ್ಕರೆ ನೀರಿನ ಲೋಟವನ್ನು ತಾತನ ತುಟಿಗೆ ಹಿಡಿದಳು. ತಾತನ ಕೈ ಗಡಗಡ ನಡುಗುತ್ತಿತ್ತು. ಹಣೆಯ ತುಂಬ ಬೆವರು. ಅಪ್ಪ, ಅಮ್ಮ ಕೆಲಸಕ್ಕೆ ಹೋಗಿದ್ದರು.

ತಾತನಿಗೆ ಶುಗರ್ ಇಳಿದರೆ ಸಕ್ಕರೆ ಕೊಡಬೇಕು ಅಂತ ಅವಳಿಗೆ ಗೊತ್ತಿತ್ತು. ಹಿಂದೆ ಒಮ್ಮೆ ಕೊಟ್ಟಾಗ ಬೇಗ ಸುಧಾರಿಸಿಕೊಂಡಿದ್ದರು. ಇವತ್ತು ಯಾಕೋ ನಡುಕ ನಿಲ್ಲುತ್ತಲೇ ಇಲ್ಲ.

ಅವಳು ಅತ್ತೆಗೆ ಫೋನ್ ಮಾಡಿ, ಸಕ್ಕರೆ ನೀರು ಕೊಟ್ಟರೂ ತಾತನ ನಡುಕ ನಿಲ್ಲುತ್ತಿಲ್ಲ ಎಂದಳು. ಲ್ಯಾಬಿನಲ್ಲಿ ಹಿಪ್ಪುನೇರಳೆ ಎಲೆಯ ಗುಣ ಪರೀಕ್ಷೆ ಮಾಡುವುದೇ ಅತ್ತೆಯ ಕೆಲಸ.

"ತಾತ ಶುಗರ್ ಮಾತ್ರೆ ತಗೊಂಡ್ರಾ?"

"ಹೂಂ. ಊಟ ಮಾತ್ರ ಸ್ವಲ್ಪಾನೇ ಮಾಡಿದ್ರು."

"ಬೇರೆ ಏನಾದ್ರೂ ಕುಡಿದ್ರಾ?"

ಗುಬ್ಬಿ ಅಡುಗೆಮನೆಯ ಕಡೆ ನೋಡಿದಳು. ಹಿಪ್ಪುನೇರಳೆ ಎಲೆಯಲ್ಲಿ ಸಕ್ಕರೆಯಂತೆಯೇ ಕಾಣುವ, ಆದರೆ ಸಕ್ಕರೆಯಲ್ಲದ ಒಂದು ಪದಾರ್ಥ ಇದೆ, ಅದು ಹೊಟ್ಟೆಗೆ ಟೋಪಿ ಹಾಕಿ ಶುಗರ್ ಏರದ ಹಾಗೆ ತಡೆಯುತ್ತೆ ಅಂತ ಹೋದ ವಾರ ಅತ್ತೆಯೇ ಹೇಳಿದ್ದರು. ಹಾಗಾದರೆ ತಾತನೂ ಎಲ್ಲರ ಹಾಗೆ ಸಿಹಿ ತಿನ್ನಬಹುದು! ಗುಬ್ಬಿ ಸ್ಕೂಲಿನ ಹಿಂದಿನ ಮರದಿಂದ ಎಲೆ ಕಿತ್ತು ತಂದು, ಯಾರಿಗೂ ಹೇಳದೆ ಕುದಿಸಿ, ಊಟದ ಜೊತೆ ತಾತನಿಗೆ ಕುಡಿಸಿದ್ದಳು.

"ಅತ್ತೆ... ಹಿಪ್ಪುನೇರಳೆ ಕಷಾಯ ಕೊಟ್ಟೆ. ದೊಡ್ಡ ಲೋಟ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಸದ್ಯ, ಹೇಳಿದ್ಯಲ್ಲ! ಸಕ್ಕರೆ ನೀರು ನಿಲ್ಲಿಸು. ಆ ಎಲೆ ಹೊಟ್ಟೇಲಿರುವಾಗ ಸಕ್ಕರೆ ಬೇಗ ಒಡೆಯಲ್ಲ, ರಕ್ತಕ್ಕೂ ಸೇರಲ್ಲ. ಗ್ಲೂಕೋಸ್ ಪುಡಿ ಇದ್ಯಾ? ಅದನ್ನ ಒಡೆಯೋದೇ ಬೇಕಿಲ್ಲ, ನೇರ ರಕ್ತಕ್ಕೆ ಸೇರುತ್ತೆ. ಓಡು!"

ಅಣ್ಣನ ಫುಟ್‌ಬಾಲ್ ಬ್ಯಾಗಿನಲ್ಲಿ ಒಂದು ಪ್ಯಾಕೆಟ್ ಇತ್ತು. ಗುಬ್ಬಿ ಪುಡಿ ಕಲಸಿ ಕುಡಿಸಿದಳು. ಮೆಲ್ಲಗೆ ತಾತನ ಬೆವರು ಆರಿತು, ನಡುಕ ನಿಂತಿತು.

"ನನ್ನ ಮೇಲೇ ಪ್ರಯೋಗಾನಾ, ಡಾಕ್ಟರಮ್ಮ?" ತಾತ ನಕ್ಕರು. ಗುಬ್ಬಿಗೆ ನಗು ಬರಲಿಲ್ಲ.

ಅತ್ತೆ ಏದುಸಿರು ಬಿಡುತ್ತಾ ಬಂದರು. ತಾತನ ಬೆರಳಿಗೆ ಚುಚ್ಚಿ ಶುಗರ್ ನೋಡಿದ ಮೇಲೇ ಕುರ್ಚಿಯಲ್ಲಿ ಕೂತರು.

"ಎಷ್ಟು ಎಲೆ ಹಾಕಿದ್ದೆ?"

"ಎರಡು ಹಿಡಿ... ಮೂರೋ ಏನೋ."

"ಅದರಲ್ಲಿ ಆ ಪದಾರ್ಥ ಎಷ್ಟಿತ್ತು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಪುಟ್ಟಾ. ಚಿಗುರಲ್ಲಿ ಒಂದಿಷ್ಟು, ಬಲಿತ ಎಲೇಲಿ ಇನ್ನೊಂದಿಷ್ಟು. ಅದನ್ನ ಕಂಡುಹಿಡಿಯೋಕೇ ನಾವು ಅಷ್ಟು ಜನ ಒದ್ದಾಡ್ತಿರೋದು."

ಅತ್ತೆ ಒಳಗೆ ಹೋದರು. ಗುಬ್ಬಿ ಅಡುಗೆಮನೆಯ ಪಾತ್ರೆಯಲ್ಲಿ ಉಳಿದಿದ್ದ ಹಸಿರು ನೀರಿನಲ್ಲಿ ಬೆರಳು ಅದ್ದಿ ನೆಕ್ಕಿದಳು. ಥೂ, ಬರೀ ಒಗರು!

"ಇದನ್ನ ಹೇಗೆ ಕುಡಿದ್ರಿ ತಾತ? ಏನು ಅಂತಾನೂ ಕೇಳ್ಲಿಲ್ಲ!"

"ನೀನು ಕೊಟ್ಯಲ್ಲ, ಅದಕ್ಕೆ."

ಗುಬ್ಬಿ ಬೆರಳು ಒರೆಸಿಕೊಂಡು ಬಂದಳು. ತಾತನ ಪಕ್ಕ ಕೂತು ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.