ಲುಕ್ರೇಸಿಯಮ್ಮನ ಕೊಳಲು

ಇದು ನಾನೇ ಕಣ್ಣಾರೆ ಕಂಡದ್ದು. ವೆನಿಸ್ಸಿನ ಅನಾಥಾಲಯದ ಮೇಳದಲ್ಲಿ ನಾನು ಪಿಟೀಲು ನುಡಿಸುತ್ತಿದ್ದೆ. ನಮ್ಮೆದುರಿನ ಕಬ್ಬಿಣದ ಜಾಲರಿಯಾಚೆಯ ಕೇಳುಗರಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಎದೆಬೇನೆಯಿಂದ ಆಗಷ್ಟೇ ಎದ್ದಿದ್ದ ಕೊಳಲಿನ ಹುಡುಗಿ ಓರ್ಸೊಲಾ ಆ ಮಧ್ಯಾಹ್ನ ನುಡಿಸಬೇಕಿದ್ದ ಸೊನಾಟಾ ಎಂಬ ಕೃತಿಯಲ್ಲಿ ಸೋತರೆ, ಮೇಳ ಬಿಟ್ಟು ಬಟ್ಟೆ ಒಗೆಯಲು ಹೋಗಬೇಕಿತ್ತು. ಧೈರ್ಯಕ್ಕೆಂದು, ತೀರಿಕೊಂಡ ಗುರು ಲುಕ್ರೇಸಿಯಮ್ಮನ ಮರದ ಕೊಳಲನ್ನು ಪೆಟ್ಟಿಗೆಯ ಬೀಗ ತೆಗೆದು ಕೊಟ್ಟೆ.

“ಕಂಕುಳಲ್ಲಿಟ್ಟು ಬಿಸಿ ಮಾಡ್ಕೊಳ್ಳೇ, ಇಲ್ದಿದ್ರೆ ಶ್ರುತಿ ಇಳಿಯುತ್ತೆ,” ಎಂದೆ.

“ಬೆಚ್ಚಗೇ ಇದೆಯಲ್ಲಕ್ಕಾ! ಕೋಳಿ ಥರ ಕಾವು ಕೊಡ್ತಾ ಕೂತಿದ್ಯಾ?” ಎಂದು ಓರ್ಸೊಲಾ ನಕ್ಕಳು.

ಸೊನಾಟಾದ ನಿಧಾನಗತಿಯ ಭಾಗದಲ್ಲಿ, ಉದ್ದನೆಯ ಸ್ವರದ ನಡುವೆ ಅವಳ ಉಸಿರು ಮುಗಿಯಿತು. ಕೊಳಲನ್ನು ತುಟಿಯಿಂದ ತೆಗೆದಳು. ಸ್ವರ ಮಾತ್ರ ನಿಲ್ಲಲಿಲ್ಲ. ಅವಳು ಸುಧಾರಿಸಿಕೊಂಡು ಮತ್ತೆ ತುಟಿಗಿಟ್ಟಳು, ಕೊನೆಯವರೆಗೂ ನುಡಿಸಿದಳು, ಮೇಳದಲ್ಲೇ ಉಳಿದಳು.

ನುಡಿಸಿದ ಕೊಳಲು ಉಸಿರಿನ ತೇವದಿಂದ ಒಳಗೆ ಒದ್ದೆಯಾಗಿರುತ್ತದೆ. ಒರೆಸಲೆಂದು ನಾನು ಬಟ್ಟೆ ತೂರಿಸಿದೆ. ಅದು ಒಂದಿಷ್ಟೂ ಒದ್ದೆಯಾಗದೆ ಹೊರಬಂತು.