ಗೋಡೆಯ ಈಚೆ ಇಬ್ಬರು

ನಚಿಕೇತನ ಹತ್ತಿರ ಎರಡು ಪಾಸ್ ಇವೆ ಎಂಬ ಸುದ್ದಿಯನ್ನು ನೌರೀನ್ ಊಟದ ಬಿಡುವಿನಲ್ಲಿ ತಂದಳು. ಇಂದಿರಾನಗರದಲ್ಲಿ ಶನಿವಾರ ‘ಎರಡನೇ ಶಿಫ್ಟ್’ ಬ್ಯಾಂಡಿನ ಶೋ. ಅವನು ಮೆಟ್ಟಿಲ ಹತ್ತಿರ ನಿಂತು ತನ್ನ ಸೆಕ್ಷನ್ನಿನ ಭವ್ಯಳ ಜೊತೆ ಅದನ್ನೇ ಮಾತಾಡುತ್ತಿದ್ದನಂತೆ.

“ಕರ್ಕೊಂಡು ಹೋಗ್ಲಿ ಬಿಡು, ನಂಗೇನು?” ಎಂದಳು ರಂಜನಾ. ಹಾಗೆನ್ನುತ್ತಲೇ ಚಿತ್ರಾನ್ನದೊಳಗಿನ ಕಡಲೆಬೀಜವನ್ನೆಲ್ಲ ಬದಿಗೆ ಸರಿಸಿದಳು. ಚಿತ್ರಾನ್ನದಲ್ಲಿ ಅವಳಿಗೆ ಇಷ್ಟವಾಗುತ್ತಿದ್ದುದೇ ಕಡಲೆಬೀಜ.

“ಏನೂ ಇಲ್ಲ ಅಂದ್ರೆ ಟಿಫಿನ್ ಮೇಲ್ಯಾಕೆ ಕೋಪ?” ನೌರೀನ್ ನಕ್ಕಳು.

ಕೋಪಕ್ಕೆ ಕಾರಣವಿತ್ತು. ‘ಎರಡನೇ ಶಿಫ್ಟ್’ ಈಗ ಊರಿಗೆಲ್ಲ ಗೊತ್ತಿರುವ ಬ್ಯಾಂಡು. ಆದರೆ ಅದು ಶುರುವಾದದ್ದು ಹಲಸೂರಿನ ಇನ್ಶೂರೆನ್ಸ್ ಕ್ವಾರ್ಟರ್ಸಿನ ಕ್ಲಬ್ ಹಾಲ್‌ನಲ್ಲಿ. ಡ್ರಮ್ಮರ್ ಸುಗತ ಆಗ ರಂಜನಾಳ ಮೇಲಿನ ಮನೆಯಲ್ಲಿದ್ದ ಹುಡುಗ. ಆಗ ಆರನೇ ಕ್ಲಾಸಿನಲ್ಲಿದ್ದ ರಂಜನಾ, ಎದುರು ಬ್ಲಾಕಿನ ನಚಿಕೇತ ಇಬ್ಬರೂ ಹಾಲ್‌ನ ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಆ ಹಾಡುಗಳು ಕೆಟ್ಟು ಕೆಟ್ಟು ಕೊನೆಗೊಮ್ಮೆ ಸರಿಹೋಗುವುದನ್ನು ಕೇಳಿದವರು ಅವರಿಬ್ಬರೇ.

ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಚಿಕೇತನ ಮನೆಯವರು ಕಲ್ಯಾಣ ನಗರದಲ್ಲಿ ಫ್ಲ್ಯಾಟ್ ಕೊಂಡು ಹೋದರು. ರಂಜನಾ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಎದುರು ಬ್ಲಾಕಿನ ಬಾಗಿಲಿಗೆ ಬೀಗ ಬಿದ್ದಿತ್ತು. ಒಂದು ಮಾತೂ ಹೇಳದೆ ಹೋಗಿದ್ದ. ಆಮೇಲೂ ಶಾಲೆ ಒಂದೇ, ಆದರೆ ಸೆಕ್ಷನ್ ಬೇರೆ. ಎರಡು ವರ್ಷ ಬರೀ “ಹಾಯ್”ನಲ್ಲೇ ಕಳೆಯಿತು. ಈಗ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಕೆಲವೇ ವಾರ. ಅದೂ ಮುಗಿದರೆ “ಹಾಯ್” ಕೂಡ ಇಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ನಚಿಕೇತ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತ.

“ಶನಿವಾರ ಫ್ರೀ ಇದೀಯಾ?”

“ಯಾಕೆ, ಭವ್ಯ ಬ್ಯುಸಿನಾ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಪಾಸ್ ಕೊಡ್ಸಿದ್ದು ಅವ್ಳು. ಅವಳಣ್ಣ ಅಲ್ಲಿ ಸೌಂಡ್ ನೋಡ್ಕೋತಾನೆ. ಎರಡು ಬೇಕು ಅಂತ ಕೇಳಿದ್ದು ನಾನು. ಒಂದು ನಿಂಗೆ ಅಂತ್ಲೇ.”

ರಂಜನಾ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು. ಬಸ್ಸು ಬರುತ್ತಿರಲಿಲ್ಲ.

“ನಂದಿನ್ನೂ ಕೆಮಿಸ್ಟ್ರಿ ಬಾಕಿ ಇದೆ.”

“ನಂದೂ ಇದೆ.”

“ಎಷ್ಟೊತ್ತಿಗೆ ಶೋ?”

ಮನೆಯಲ್ಲಿ ಅಮ್ಮ ಸೀತಾಲಕ್ಷ್ಮಿ ಕನ್ನಡಕದ ಮೇಲಿಂದ ನೋಡಿದರು. “ನಚಿ ಜೊತೆನಾ? ಸರಿ. ಎಂಟರೊಳಗೆ ಮನೇಲಿರ್ಬೇಕು. ಅವರಮ್ಮನ ಮಂಡಿನೋವು ಹೇಗಿದೆ ಕೇಳು, ಮರೀಬೇಡ.”

ಶನಿವಾರ ರಂಜನಾ ಹೊಸ ಕುರ್ತಾ ಹಾಕಿ, ತೆಗೆದು, ಕೊನೆಗೆ ಹಳೆಯ ಕಪ್ಪು ಟೀ ಶರ್ಟಿನಲ್ಲೇ ಹೊರಟಳು. ಮೆಟ್ರೋ ಸ್ಟೇಷನ್ನಿನ ಕೆಳಗೆ ಕಾಯುತ್ತಿದ್ದ ನಚಿಕೇತನದೂ ಕಪ್ಪು ಟೀ ಶರ್ಟೇ. ಅವನ ಕಣ್ಣು ಅವಳ ಶರ್ಟಿನಿಂದ ತನ್ನ ಶರ್ಟಿಗೆ ಹೋಗಿ ಬಂತು.

ಶೋ ಇದ್ದದ್ದು ಒಂದು ಪಬ್ಬಿನಲ್ಲಿ. ಬಾಗಿಲ ಬಳಿಯ ಬೌನ್ಸರ್ ಪಾಸ್ ನೋಡಿ, ಅವರ ಮುಖ ನೋಡಿ, ವಯಸ್ಸಿನ ದಾಖಲೆ ಕೇಳಿದ. ಅವರ ಹತ್ತಿರ ಇದ್ದದ್ದು ಶಾಲೆಯ ಐಡಿ ಕಾರ್ಡು.

“ಟ್ವೆಂಟಿ ಒನ್ ಆಗಿರ್ಬೇಕು ಗುರು. ಕೆಳಗೆ ಪ್ರಿಂಟ್ ಹಾಕಿದಾರಲ್ಲ, ಓದ್ಲಿಲ್ವಾ?”

“ಹನ್ನೆರಡು ವರ್ಷ ಓದಿದಾನೆ ಸರ್, ಇದೊಂದು ಬಿಟ್ಟು,” ಎಂದಳು ರಂಜನಾ.

ನಚಿಕೇತನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಕ್ಯಾಬ್‌ನಿಂದ ಸುಗತ ಇಳಿದ. “ಸುಗತಣ್ಣಾ!” ಎಂದು ರಂಜನಾ ಕೂಗಿದಳು. ಅವನು ಅಲ್ಲಿದ್ದ ಎಲ್ಲರಿಗೂ ತೋರಿಸಿದಂತೆ ಅವರಿಗೂ ಹೆಬ್ಬೆರಳು ಎತ್ತಿ ತೋರಿಸಿ ಒಳಗೆ ಹೋದ.

“ಗುರುತೇ ಸಿಗ್ಲಿಲ್ಲ ಅವ್ನಿಗೆ.”

“ಆಗ ನೀನು ಇಷ್ಟೇ ಇದ್ದೆ,” ಎಂದು ನಚಿಕೇತ ತನ್ನ ಸೊಂಟದ ಹತ್ತಿರ ಕೈ ಹಿಡಿದ.

“ನೀನು ನನಗಿಂತ ಕುಳ್ಳ ಇದ್ದೆ. ಕೈ ಇನ್ನೂ ಕೆಳಗಿಳ್ಸು.”

ಮನೆಗೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಪಬ್ಬಿನ ಹಿಂದಿನ ಗಲ್ಲಿಯಲ್ಲಿ, ಜನರೇಟರಿನ ಪಕ್ಕ ಖಾಲಿ ಕ್ರೇಟುಗಳಿದ್ದವು. ಎರಡನ್ನು ಬೋರಲು ಹಾಕಿ ಕೂತರು. ಶೋ ಶುರುವಾಯಿತು. ಗೋಡೆ ದಾಟಿ ಬರುತ್ತಿದ್ದುದು ಡ್ರಮ್ಮಿನ ಸದ್ದು, ಬೇಸ್ ಗಿಟಾರಿನ ಗುಂಯ್‌ಗುಡುವಿಕೆ ಅಷ್ಟೇ. ಮಾತು ಒಂದೂ ಕೇಳುತ್ತಿರಲಿಲ್ಲ. ರಂಜನಾ ಮೆಲ್ಲಗೆ ಮಾತು ಸೇರಿಸಿ ಹಾಡತೊಡಗಿದಳು. ಎರಡನೇ ಸಾಲಿಗೆ ನಚಿಕೇತನೂ ಸೇರಿದ.

ಅವನ ದನಿ ಒಡೆದು ಗಡುಸಾಗಿತ್ತು. ಇಂಥ ದನಿಯಲ್ಲಿ ಅವನು ಹಾಡಿದ್ದನ್ನು ಅವಳು ಕೇಳಿರಲಿಲ್ಲ. ಕದ್ದು ನೋಡಿದಳು, ಕಣ್ಣು ಮುಚ್ಚಿ ಹಾಡುತ್ತಿದ್ದ. ಕಣ್ಣು ತೆರೆದಾಗ ಅವಳು ಎದುರಿನ ‘ನೋ ಪಾರ್ಕಿಂಗ್’ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ಹಾಡು ನಿಂತಾಗ ಕೇಳಿಯೇಬಿಟ್ಟಳು. “ಆವತ್ತು ಯಾಕೆ ಹೇಳ್ದೆ ಹೋದೆ?”

ನಚಿಕೇತ ಉಗುರಿನಿಂದ ಕ್ರೇಟು ಕೆರೆದ. “ನಿಮ್ಮನೆ ಬಾಗ್ಲವರ್ಗೂ ಬಂದಿದ್ದೆ. ಬೆಲ್ ಮಾಡಿದ್ರೆ ನಿನ್ನೆದುರು ಅತ್ತುಬಿಡ್ತೀನಿ ಅನ್ನಿಸ್ತು. ಇಳಿದ್ಬಿಟ್ಟೆ.”

“ನಾನು ಮನೇಲೇ ಇರ್ಲಿಲ್ಲ ಕಣೋ. ಟ್ಯೂಷನ್ನಲ್ಲಿದ್ದೆ.”

“ಹೌದಾ?” ಅವನು ಅವಳತ್ತ ತಿರುಗಿದ. “ಎರಡು ವರ್ಷ ನೀನು ಬಾಗ್ಲ ಹಿಂದೇನೇ ಇದ್ದೆ ಅಂದ್ಕೊಂಡಿದೀನಿ.”

ಬೈಯಬೇಕೆಂದು ಕಾದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ರಂಜನಾ ಕೈಬಿಟ್ಟಳು. ಅವಳೊಳಗೂ ಹೇಳದ ಮಾತೊಂದಿತ್ತು. ಜನವರಿಯಲ್ಲೇ ಅಪ್ಪ ಶ್ರೀಕಂಠಯ್ಯನವರಿಗೆ ವರ್ಗಾವಣೆಯ ಆದೇಶ ಬಂದಿತ್ತು. ನೌರೀನ್‌ಗೆ ಹೇಳಬೇಕೆಂದು ಹೊರಟಾಗಲೆಲ್ಲ ಬೇರೇನೋ ಮಾತಾಡಿ ಬಂದುಬಿಡುತ್ತಿದ್ದಳು. ಬಾಗಿಲವರೆಗೆ ಬಂದು ಇಳಿದುಹೋದವನ ಕಷ್ಟ ಏನೆಂದು ಅವಳಿಗೆ ಈಗ ಗೊತ್ತಿತ್ತು.

“ಪರೀಕ್ಷೆ ಮುಗಿದ್ಮೇಲೆ ನಾವೂ ಮನೆ ಖಾಲಿ ಮಾಡ್ತಿದೀವಿ ನಚಿ. ಅಪ್ಪಂಗೆ ದಾವಣಗೆರೆಗೆ ಟ್ರಾನ್ಸ್‌ಫರ್. ನನ್ನ ಡಿಗ್ರೀನೂ ಅಲ್ಲೇ. ಇನ್ನೂ ಯಾರಿಗೂ ಹೇಳಿಲ್ಲ.”

ಒಳಗೆ ಮುಂದಿನ ಹಾಡು ಶುರುವಾಯಿತು. ಇಬ್ಬರಿಗೂ ತುಂಬ ಇಷ್ಟದ ಹಾಡು. ಇಬ್ಬರೂ ಹಾಡಲಿಲ್ಲ.

“ಯಾವಾಗ?” ಎಂದ ನಚಿಕೇತ.

“ಏಪ್ರಿಲ್‌ನಲ್ಲಿ.”

“ಲಾರಿ ಬರೋ ದಿನ ಹೇಳು. ಬರ್ತೀನಿ.”

“ಬಂದು ಏನ್ಮಾಡ್ತೀಯಾ?”

“ಸಾಮಾನು ಎತ್ತಿ ಇಡ್ತೀನಿ.”

ಏಪ್ರಿಲ್‌ನಲ್ಲಿ ಮನೆ ಖಾಲಿ ಮಾಡುವ ದಿನ, ಹೇಳಿದಂತೆ ಅವನು ಲಾರಿಗಿಂತ ಮೊದಲೇ ಬಂದ. “ಎಷ್ಟೆತ್ತರ ಆಗ್ಬಿಟ್ಟಿದೀಯೋ! ಬಾ, ಅಟ್ಟದ ಮೇಲಿಂದೆಲ್ಲ ಇಳ್ಸು,” ಎಂದು ಶ್ರೀಕಂಠಯ್ಯ ಕೆಲಸ ಹಚ್ಚಿದರು. ಪಾತ್ರೆಯ ಮೂಟೆ, ಹಾಸಿಗೆಯ ಸುರುಳಿ, ಫ್ಯಾನು ಎಲ್ಲ ಕೆಳಗಿಳಿದವು. ಕೊನೆಗೆ ಊಟದ ಟೇಬಲ್ ಉಳಿಯಿತು. ಕೆಳಗಿನ ತುದಿ ಅವನು, ಮೇಲಿನ ತುದಿ ರಂಜನಾ ಹಿಡಿದರು. ಮೆಟ್ಟಿಲ ತಿರುವಿನಲ್ಲಿ ಟೇಬಲ್ ಸಿಕ್ಕಿಕೊಂಡಿತು.

“ಸ್ವಲ್ಪ ಓರೆ ಮಾಡು,” ಎಂದ ನಚಿಕೇತ.

“ನಚಿ.”

“ಹೂಂ?”

“ನಂಗೆ ನೀನಂದ್ರೆ ಇಷ್ಟ.”

ಅವನ ಕಡೆಯ ತುದಿ ಒಂದು ಗೇಣು ಜಾರಿತು. “ಈಗ ಹೇಳ್ತೀಯಾ? ಕೈಯಲ್ಲಿ ಟೇಬಲ್ ಇದೆ!”

“ಆಮೇಲೆ ಲಾರಿ ಹೊರಡುತ್ತೆ.”

ಅವನು ಟೇಬಲನ್ನು ಜೋಪಾನವಾಗಿ ಮೆಟ್ಟಿಲ ಮೇಲಿಳಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಲೆಯೆತ್ತಿದ. ಮುಖದಲ್ಲಿ ಧೂಳಿತ್ತು, ತಮಾಷೆಯಿರಲಿಲ್ಲ.

“ನಂಗೂ ಇಷ್ಟ. ಯಾವಾಗಿಂದ ಅಂತ ಕೇಳ್ಬೇಡ, ನಂಗೇ ಗೊತ್ತಿಲ್ಲ.”

ಕೆಳಗಿನಿಂದ ಲಾರಿ ಡ್ರೈವರ್ ಕಲೀಮುಲ್ಲಾ ಕೂಗಿದ. “ಏನ್ರೀ ಅದು, ಟೇಬಲ್ ಬರುತ್ತೋ ಇಲ್ವೋ?”

“ಬಂತು ಭಾಯ್!” ಎಂದ ನಚಿಕೇತ. ಆದರೆ ಬಗ್ಗಲಿಲ್ಲ.

“ದಾವಣಗೆರೆ ದೂರ,” ಎಂದಳು ರಂಜನಾ. ಅವಳ ಕಣ್ಣು ತುಂಬಿತ್ತು.

“ಟ್ರೈನ್ ನೋಡಿ ಇಟ್ಟಿದೀನಿ. ಬೆಳಿಗ್ಗೆ ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ನಿಮ್ಮನೇಲಿರ್ತೀನಿ.”

“ಊಟ ಹಾಕ್ತೀವಿ ಅಂತ ಯಾರು ಹೇಳಿದ್ರು?”

“ಟೇಬಲ್ ಇಳಿಸ್ತಿರೋದು ಯಾರು?”

ರಂಜನಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಇಬ್ಬರೂ ಬಗ್ಗಿ, ಮತ್ತೆ ಟೇಬಲ್ ಎತ್ತಿಕೊಂಡರು.